ರಾವಸಾಬನ ವಿಮಾನದ ಸಾಮಾನು

ಸಿಂದಗಿಯ ರಾವಸಾಬ ನೆಟ್ಟಗಿನ ಅಕ್ಷರಕ್ಕಿಂತ ಉಲ್ಟಾ ಅಕ್ಷರವನ್ನು ಬೇಗ ಓದುತ್ತಿದ್ದ. ಅವನು ಬ್ಲಾಕ್ ಮಾಡುವವನು. ಆಫ್‌ಸೆಟ್ ಬರುವ ಮೊದಲು ಲಗ್ನಪತ್ರಿಕೆಯ ಮೇಲೆ ಗಣಪತಿ, ಬಸವಣ್ಣ, ತೋರಣ ಏನೇ ಅಚ್ಚಾಗಬೇಕಾದರೂ ಅದನ್ನು ಮೊದಲು ಸತುವಿನ ತಗಡಿನ ಮೇಲೆ ಎಬ್ಬಿಸಬೇಕಿತ್ತು. ಚಿತ್ರದ ಫೋಟೋ ತೆಗೆದು, ಆ ಫಿಲ್ಮನ್ನು ಮದ್ದು ಬಳಿದ ತಗಡಿನ ಮೇಲಿಟ್ಟು ಬಿಸಿಲು ತೋರಿಸಿ, ಆಸಿಡ್ಡಿನಲ್ಲಿ ಅದ್ದಿದರೆ ಬೇಡವಾದ ಲೋಹ ಕರಗಿ ಚಿತ್ರ ಎದ್ದು ನಿಲ್ಲುತ್ತದೆ. ಕಾಗದದ ಮೇಲೆ ನೆಟ್ಟಗೆ ಬೀಳಬೇಕಾದರೆ ತಗಡಿನ ಮೇಲೆ ಉಲ್ಟಾ ಇರಬೇಕು. ಅದಕ್ಕೇ ರಾವಸಾಬ ಫಿಲ್ಮ್ ಕೈಗೆ ಬಂದ ಕೂಡಲೇ ತಿರುವಿ ಇಡುತ್ತಿದ್ದ. ಮೂವತ್ತು ವರ್ಷದ ರೂಢಿ, ಕಣ್ಣು ನೋಡುವ ಮೊದಲೇ ಕೈ ತಿರುವಿರುತ್ತಿತ್ತು.

ನಾನು ಅದೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ, ಉಳಿದ ಅಕ್ಷರವನ್ನು ಸೀಸದ ಮೊಳೆಗಳು ಕಲಿಸಿದವು. ರಾವಸಾಬನನ್ನು ಕಾಕಾ ಎನ್ನುತ್ತಿದ್ದೆ. ಅವನ ಬ್ಲಾಕು ಒಂದಾದರೂ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಮುದ್ದೇಬಿಹಾಳ, ಬಾಗೇವಾಡಿ, ಇಂಡಿ ಊರುಗಳ ಪ್ರೆಸ್ಸಿನವರೂ ಚಿತ್ರ ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಇವನ ಹತ್ತಿರವೇ ಮಾಡಿಸುತ್ತಿದ್ದರು.

ಆಮೇಲೆ ಸೋಲಾಪುರದಿಂದ ಬಣ್ಣಬಣ್ಣದ ಆಫ್‌ಸೆಟ್ ಪತ್ರಿಕೆಗಳು ಬರಲು ಶುರುವಾದವು. ನನಗೆ ಕರಪತ್ರ, ಪಾವತಿ ಪುಸ್ತಕ ಅಂತ ಏನಾದರೊಂದು ಇರುತ್ತಿತ್ತು. ರಾವಸಾಬನಿಗೆ ಏನೂ ಉಳಿಯಲಿಲ್ಲ. ಮಾಲೀಕರು ಒಳ್ಳೆಯವರು, ಬರಬೇಡ ಅನ್ನಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ದಿನಾ ಬಂದು ಫಿಲ್ಮ್ ತೊಳೆಯುವ ತನ್ನ ಕತ್ತಲೆ ಖೋಲಿಯ ಕಸ ಹೊಡೆದು, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದು, ಯಾರಾದರೂ ಒಳಗೆ ಬಂದರೆ ಏನೋ ಹುಡುಕುತ್ತಿರುವವನಂತೆ ಬಗ್ಗುತ್ತಿದ್ದ. ಸಂಬಳದ ದಿನ ಪ್ರೆಸ್ಸಿಗೇ ಬರುತ್ತಿರಲಿಲ್ಲ. ಮರುದಿನ ನಾನೇ ಅವನ ಕಿಸೆಗೆ ತುರುಕಬೇಕಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಇಂಡಿಯಿಂದ ಪಂಢರಿನಾಥರಾಯರು ಬಂದರು. ಏರ್‌ಫೋರ್ಸಿನಲ್ಲಿ ವಿಮಾನದ ಮೀಟರುಗಳನ್ನು ಜೋಡಿಸುವ ಕೆಲಸದಲ್ಲಿದ್ದು ಪಿಂಚಣಿ ಪಡೆದವರು. ಈಗ ಅವರ ಹವ್ಯಾಸ ಪ್ಲಾಸ್ಟಿಕ್ಕಿನ ಲಡಾಯಿ ವಿಮಾನ ಕಟ್ಟುವುದು. ಪೆಟ್ಟಿಗೆಯಲ್ಲಿ ರೆಕ್ಕೆ, ಬಾಲ, ಗಾಲಿ ಬಿಡಿಬಿಡಿಯಾಗಿ ಬರುತ್ತವೆ, ಅಂಟಿಸಿ ಬಣ್ಣ ಹಚ್ಚಿದರೆ ಗೇಣುದ್ದದ ವಿಮಾನವಾಗುತ್ತದೆ. ಆದರೆ ಪೈಲಟ್ ಕೂಡುವ ಜಾಗ ಬರೀ ಬೋಳು. ಮೀಟರಿಲ್ಲ, ಕುರ್ಚಿಗೆ ಪಟ್ಟಾ ಇಲ್ಲ. ಹೊರದೇಶದಲ್ಲಿ ಆ ಸಣ್ಣ ಸಾಮಾನುಗಳನ್ನು ಹಿತ್ತಾಳೆ ತಗಡಿನಲ್ಲಿ ಕೊರೆದು ಬೇರೆಯಾಗಿ ಮಾರುತ್ತಾರಂತೆ. ನಮ್ಮ ಏರ್‌ಫೋರ್ಸಿನ ವಿಮಾನದ ಒಳಗು ಬೇರೆ ಇದ್ದದ್ದರಿಂದ ಅದು ಯಾರಲ್ಲೂ ಸಿಗುತ್ತಿರಲಿಲ್ಲ. ಪುಣೆ, ಬೆಂಗಳೂರಿನಲ್ಲಿ ಇದೇ ಹುಚ್ಚಿನವರು ಒಂದಷ್ಟು ಜನ ಅಂಥ ಸಾಮಾನು ಮಾಡಿಸಿಕೊಡಿ ಎಂದು ರಾಯರಿಗೆ ಬರೆದುಕೊಂಡಿದ್ದರು.

"ಬ್ಲಾಕ್ ಮಾಡೋ ರೀತಿನs ಇದು, ರಾವಸಾಬ" ಎಂದರು ರಾಯರು, ತಾವು ಬರೆದು ತಂದ ದೊಡ್ಡ ನಕಾಶೆ ಬಿಚ್ಚುತ್ತ. "ಸತುವಿನ ಬದ್ಲಿ ಹಿತ್ತಾಳಿ. ಸಣ್ಣದು ಮಾಡೋದು ನಿಮ್ಮ ಕ್ಯಾಮರಾದ ಕೆಲಸ. ಆಗ್ತದೇನು?"

"ಆಗ್ತೈತ್ರಿ ಸಾಹೇಬ್ರ" ಎಂದ ರಾವಸಾಬ. ಅವನ ದನಿ ಅಷ್ಟು ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು.

ಅದು ಕಾರ್ಗಿಲ್ ಲಡಾಯಿಯ ಬೇಸಿಗೆ. ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಟಿವಿಯ ಮುಂದೆ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಅಲ್ಲಿ ಗೊಬ್ಬರದ ಅಂಗಡಿಯ ಕಲ್ಮೇಶನೆಂಬವನೊಬ್ಬ, ಬಾಯಿ ತುರಿಕೆಯವನು. ನಾವು ಚಹಾ ಕುಡಿಯಲು ಹೋದಾಗ ರಾವಸಾಬನನ್ನು ಕೆಣಕಿದ.

"ಏನ್ ರಾವಸಾಬ ಕಾಕಾ, ಕತ್ತಲ ಖೋಲ್ಯಾಗ ಕುಂತು ತತ್ತಿಗಿ ಕಾವು ಕೊಡಾಕತ್ತೀರೇನ?"

ಎಲ್ಲರೂ ನಕ್ಕರು. ರಾವಸಾಬ ಚಹಾದ ಬಶಿ ಕೆಳಗಿಟ್ಟು, "ವಿಮಾನದ ಸಾಮಾನು ಮಾಡಾಕತ್ತೇನಿ" ಎಂದ.

"ಯಾವ ವಿಮಾನ್ರಿ?"

"ಲಡಾಯಿ ವಿಮಾನ."

ಕಲ್ಮೇಶ ಟಿವಿಯ ಕಡೆ ಕೈ ಮಾಡಿದ. "ಖರೇನ ಹಾರೂದಕ್ಕೇನು? ಇಲ್ಲಾ ಸಣ್ಣ ಹುಡುಗ್ರು ಆಡೂದಕ್ಕ?"

ರಾವಸಾಬ ನನ್ನ ಮುಖ ನೋಡಲಿಲ್ಲ. "ಹಾರೂದಕ್ಕ. ಹಾರಲಾರದ ವಿಮಾನಕ್ಕ ಯಾರ್ ಸಾಮಾನು ಮಾಡಸ್ತಾರೋ?"

ನಗು ನಿಂತಿತು. ಯಾರೋ ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಟ್ಟರು. ಹೊಟೇಲಿನವನು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಗೆ ಬಂದ ಕೂಡಲೇ ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. "ಕಾಕಾ, ಯಾಕ ಅಂಥಾ ಸುಳ್ಳು ಹೇಳಿದಿ?"

"ಬಾಯಾಗಿಂದ ಹೋತೋ ಗುರಲಿಂಗ. ಏನ್ ಮಾಡ್ತಿ ಅಂತ ಮಂದಿ ಕೇಳಿದ್ರ ಹೇಳಾಕ ನನ್ನ ಕಡೆ ಒಂದ ಮಾತ ಇರಲಿಲ್ಲ. ಇವತ್ತ ಸಿಕ್ತು."

ಸಿಕ್ಕ ಮಾತು ಅವನನ್ನೇ ತಿನ್ನತೊಡಗಿತು. ಸಿಂದಗಿಯ ತುಂಬ ಸುದ್ದಿಯಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಎದ್ದು ನಿಂತು ಸೀಟು ಕೊಟ್ಟ. ಹಜಾಮತಿಗೆ ಹೋದರೆ ಮೊದಲು ಬಂದವರು ದಾರಿ ಬಿಟ್ಟರು. ಹೀಗೆ ಮರ್ಯಾದೆ ಸಿಕ್ಕ ಹಾಗೆಲ್ಲ ರಾವಸಾಬ ಕುಗ್ಗಿದ. ಹೊಟೇಲು ಬಿಟ್ಟ, ಬಜಾರದ ರಸ್ತೆ ಬಿಟ್ಟು ಮನೆಗಳ ಹಿತ್ತಲ ದಾರಿಯಿಂದ ಪ್ರೆಸ್ಸಿಗೆ ಬರತೊಡಗಿದ. ಆದರೆ ಕೆಲಸ ಮಾತ್ರ ಪ್ರಾಣ ಇಟ್ಟು ಮಾಡಿದ. ಕಾಗದದಷ್ಟು ತೆಳ್ಳಗಿನ ಹಿತ್ತಾಳೆಯಲ್ಲಿ ಉಗುರಿನಷ್ಟಗಲದ ಮೀಟರಿನ ಹಲಗೆ, ಅದರಲ್ಲಿ ಸಾಸಿವೆಯಷ್ಟಷ್ಟು ರಂಧ್ರ, ಕೂದಲೆಳೆಯಂಥ ಪಟ್ಟಾ, ಪಟ್ಟಾಕ್ಕೆ ಕೊಂಡಿ. ಒಂದರ ಹಿಂದೊಂದು ತಗಡು ಆಸಿಡ್ಡಿನಿಂದ ತೆಗೆದು ತೊಳೆದು ಹತ್ತಿಯಲ್ಲಿ ಸುತ್ತಿ ಇಂಡಿಗೆ ಕಳಿಸಿದ.

ಜೂನಿನ ಮಿರಗದ ಮಳೆ ಬಿದ್ದ ಮರುದಿನ ಪಂಢರಿನಾಥರಾಯರೇ ಇಂಡಿ ಬಸ್ಸಿಗೆ ಬಂದರು. ಆ ಹೊತ್ತಿಗೆ ಕಲ್ಮೇಶ ತನ್ನ ಕರಪತ್ರ ನೋಡಲು ಪ್ರೆಸ್ಸಿಗೆ ಬಂದು ಬಾಗಿಲಲ್ಲೇ ನಿಂತಿದ್ದ. ರಾಯರು ಮೇಜಿನ ಮೇಲೆ ಹತ್ತಿ ಬಿಚ್ಚಿ, ಬಹಳ ಮೆಲ್ಲಗೆ ಹೇಳಿದರು:

"ರಾವಸಾಬ, ಇವೆಲ್ಲಾ ಉಲ್ಟಾ ಆಗ್ಯಾವ."

ನನಗೆ ರಕ್ತ ನೆತ್ತಿಗೇರಿತು. ಕಾಕಾನ ಕೆಲಸಕ್ಕೆ ಹೆಸರಿಡುವವರು ಯಾರು? "ಉಲ್ಟಾ ಅಂದ್ರೇನ್ರಿ? ನಿಮ್ಮ ನಕಾಶಿನs ತಪ್ಪ ಇರಬೇಕು ನೋಡ್ರಿ. ಇವರು ಬ್ಲಾಕ್ ಮಾಡಾಕ ಹತ್ತಿದಾಗ ನೀವು ಎಲ್ಲಿದ್ರಿ? ಉಲ್ಟಾ ಇದ್ರ ತಿರುವಿ ಹಚ್ಚಿಕೋರಿ!"

"ತಿರುವಿದ್ರ ಬೆನ್ನು ಬೋಳು ಅದ, ಗುರಲಿಂಗಪ್ಪ. ಗೆರಿ ಎಲ್ಲಾ ಒಂದs ಮೈಗೆ ಅವ. ಹಂಗs ಹಚ್ಚೋಣಂದ್ರ ಈ ಬಲಗಡಿ ಮೂಲಿ ಕತ್ತರಿಸಿದ್ದು ಎಡಗಡಿ ಇರಬೇಕಿತ್ತು. ವಿಮಾನದಾಗ ಕೂಡೋದಿಲ್ಲ ಇದು."

ನಾನು ಇನ್ನೂ ದನಿ ಏರಿಸಿದೆ. ನನ್ನ ದನಿ ಏರಿದರೆ ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತದೆ. ರಾವಸಾಬ ಮಾತ್ರ ಭೂತಗನ್ನಡಿ ಕಣ್ಣಿಗಿಟ್ಟು ಒಂದು ತಗಡು ನೋಡಿದ, ಪಕ್ಕದಲ್ಲಿ ನಕಾಶೆ ನೋಡಿದ, ಇನ್ನೊಂದು ತಗಡು ನೋಡಿದ. ಆಮೇಲೆ ಭೂತಗನ್ನಡಿ ಇಟ್ಟುಬಿಟ್ಟ.

"ಸುಮ್ನಿರೋ ಗುರಲಿಂಗ. ನಂದs ತಪ್ಪು. ಇದು ಅಚ್ಚ ಒತ್ತೂದಲ್ಲ. ಹಂಗs ಹಚ್ಚೂದು. ನಾ ಬ್ಲಾಕಿನಂಗ ತಿರುವಿ ಇಟ್ಟೇನಿ. ಅಷ್ಟೂ ತಿರುವಿ ಇಟ್ಟೇನಿ."

ಹೇಳುವಾಗ ಅವನು ಗೋಡೆಯ ಕಡೆ ತಿರುಗಿದ್ದ.

"ಇರಲಿ ಬಿಡ್ರಿ. ನಾನೂ ಹೇಳಬೇಕಿತ್ತು" ಎಂದರು ರಾಯರು. "ಮತ್ತ ಮಾಡಿದ್ರಾತು."

ಬೈದಿದ್ದರೆ ರಾವಸಾಬ ತಡೆದುಕೊಳ್ಳುತ್ತಿದ್ದನೇನೋ. ಕಿವಿಯ ತುದಿಯವರೆಗೂ ಅವನ ಮುಖ ಕಪ್ಪಿಟ್ಟಿತು. ಬಾಗಿಲ ಕಡೆ ನೋಡಿದೆ. ಕಲ್ಮೇಶ ಇರಲಿಲ್ಲ.

ಸಂಜೆಯ ಹೊತ್ತಿಗೆ ಬಜಾರದಲ್ಲಿ ಒಂದೇ ಮಾತು: ರಾವಸಾಬ ಲಡಾಯಿ ವಿಮಾನದ ಸಾಮಾನು ಉಲ್ಟಾ ಮಾಡಿ ಕಳಿಸಿದ್ದಾನಂತೆ, ಏರ್‌ಫೋರ್ಸಿನವರು ಬಂದು ಮುಖದ ಮೇಲೆ ಎಸೆದು ಹೋದರಂತೆ. ಮೊನ್ನೆ ಸೀಟು ಬಿಟ್ಟವರು ಈಗ ಅವನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಒಬ್ಬ ಪ್ರೆಸ್ಸಿನ ಬಾಗಿಲಿಗೇ ಬಂದು, "ಪಾಕಿಸ್ತಾನದವ್ರು ಎಷ್ಟ ಕೊಟ್ರು, ಕಾಕಾ?" ಎಂದು ಕೇಳಿದ. ಕೈಯಲ್ಲಿದ್ದ, ಮೊಳೆ ಜೋಡಿಸುವ ಕಬ್ಬಿಣದ ಸ್ಟಿಕ್ಕು ಎತ್ತಿಕೊಂಡೇ ಅವನನ್ನು ಓಣಿಯ ತುದಿಯವರೆಗೆ ಅಟ್ಟಿದೆ.

ಮರಳಿ ಬಂದು ರಾವಸಾಬನ ಮೇಲೆ ಹರಿಹಾಯ್ದೆ. "ಹೇಳಿಬಿಡು ಕಾಕಾ, ಆಟಗಿ ಸಾಮಾನು ಅಂತ. ಅದರಿಂದ ಯಾರ್ ಸಾಯ್ತಾರ?"

"ನಾ ಸಾಯ್ತೇನಿ" ಎಂದ. "ಈಗ ತಪ್ಪ ಮಾಡಿದವ ಅಂತಾರ. ಆಮ್ಯಾಲ ಸುಳ್ಳ ಹೇಳಿದವ ಅಂತಾರ. ತಪ್ಪ ಮಾಡಿದವಗರ ಮಂದಿ ಯಾವಾಗರ ಒಮ್ಮಿ ಮಾಫ್ ಮಾಡ್ತಾರ."

ಸಿಟ್ಟಿನಿಂದ ಮೊಳೆಯ ಖಾನೆಯನ್ನು ಜೋರಾಗಿ ನೂಕಿದೆ.

ಸಂತೆಯ ದಿನ ಯಂಕಂಚಿಯಿಂದ ಲಕ್ಕವ್ವ ಬಂದಳು. ಪ್ರತಿ ಸಂತೆಗೆ ಮೆಂತ್ಯಪಲ್ಯ ಮಾರಲು ಬರುವ ಮುದುಕಿ. ಮಗ ಸೋಮನಿಂಗ ಮಿಲಿಟರಿಯಲ್ಲಿದ್ದ, ಆಗ ಅವನನ್ನು ಕಾಶ್ಮೀರಕ್ಕೆ ಹಾಕಿದ್ದರು. ಪಲ್ಯದ ಬುಟ್ಟಿಯನ್ನು ಹೊರಗೇ ಇಳಿಸಿ, ಸೀದಾ ಕತ್ತಲೆ ಖೋಲಿಯ ಬಾಗಿಲಿಗೆ ಹೋಗಿ ನಿಂತಳು.

"ವಿಮಾನದ ಸಾಮಾನು ಮಾಡಾಂವ ನೀನೇನಪಾ?"

ರಾವಸಾಬ ಎದ್ದು ನಿಂತ.

"ನಾ ಜಗಳಕ್ಕ ಬಂದಿಲ್ಲ. ಒಂದ ಮಾತ ಕೇಳಿ ಹೋಗ್ತೇನಿ. ನಮ್ಮ ಸೋಮನಿಂಗ ಕೆಳಗ ಗುಡ್ಡದಾಗ ಅದಾನಂತ. ಮ್ಯಾಲ ನಮ್ಮ ವಿಮಾನ ಹಾರ್ತಾವಂತ. ನೀ ಉಲ್ಟಾ ಮಾಡಿದ್ದು ಹಚ್ಚಿದ್ರ ಆ ವಿಮಾನ ನಮ್ಮ ಹುಡುಗರ ಮ್ಯಾಲ ಬೀಳ್ತೈತೇನು? ಖರೇ ಹೇಳು. ಎಷ್ಟ ದಿನದಿಂದ ನನಗ ರೊಟ್ಟಿ ಇಳಿವಲ್ದು."

ರಾವಸಾಬ ಹತ್ತಿಯಲ್ಲಿ ಸುತ್ತಿಟ್ಟಿದ್ದ ಒಂದು ಮೀಟರಿನ ಹಲಗೆ ತೆಗೆದು, ಆಕೆಯ ಅಂಗೈ ಮೇಲೆ ಇಟ್ಟ.

"ಇದೇನು? ಮೂಗಿನ ನತ್ತೇನು?"

"ಇದs ಯವ್ವಾ, ನಾ ಮಾಡಿದ ಸಾಮಾನು."

"ಇಷ್ಟs? ಇದರಾಗ ಯಾರ್ ಕೂಡ್ತಾರ?"

"ಯಾರೂ ಕೂಡೂದಿಲ್ಲ. ಪ್ಲಾಸ್ಟಿಕ್ ವಿಮಾನ ಅದು. ಕಪಾಟಿನ್ಯಾಗ ಇಡೂದು. ಹಾರೂದಿಲ್ಲ, ಬೀಳೂದಿಲ್ಲ. ಹಾರ್ತೈತಿ ಅಂತ ನಾ ಸುಳ್ಳ ಹೇಳೇನಿ."

ಲಕ್ಕವ್ವ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಹೊಟ್ಟೆಯಿಂದ ಒಂದು ಸದ್ದು ಬಂತು, ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಳಿತಳು. ಸಾವರಿಸಿಕೊಂಡ ಮೇಲೆ ಅವನ ಮುಖ ನೋಡಿ, "ಹೋಗ್ಲಿ ಬಿಡಪಾ. ನಾ ಯಾರ ಮುಂದೂ ಹೇಳೂದಿಲ್ಲ" ಎಂದಳು.

ಬುಟ್ಟಿ ಎತ್ತಲು ಬಗ್ಗಿದವಳು ಮತ್ತೆ ನೆಟ್ಟಗಾದಳು. "ಆಲಮೇಲದಾಗ ನಮ್ಮ ಬೀಗ್ತಿ ಅದಾಳ. ಆಕಿ ಮಗನೂ ಅಲ್ಲೇ ಅದಾನ. ಆಕಿಗೂ ಈ ಸುದ್ದಿ ಮುಟ್ಟೈತಿ. ಆಕಿಗಿ ಏನ್ ಹೇಳ್ಲಿ?"

ರಾವಸಾಬ ಅವಳ ಕೈಯಿಂದ ಆ ತಗಡನ್ನು ತೆಗೆದುಕೊಂಡು ಕಿಸೆಗೆ ಹಾಕಿಕೊಂಡ. "ಖರೇ ಹೇಳು ಯವ್ವಾ. ನಾನೂ ಹೇಳ್ತೇನಿ" ಎಂದು ಚಪ್ಪಲಿ ಮೆಟ್ಟಿದ.

ಅಂದು ಹಿತ್ತಲ ದಾರಿ ಹಿಡಿಯಲಿಲ್ಲ. ಸಂತೆಯ ನಡುವಿನಿಂದ ಹೊಟೇಲಿಗೆ ಹೋದ. ಯಾರಾದರೂ ಒಂದು ಮಾತಾಡಿದರೆ ನೋಡಿಕೊಳ್ಳೋಣ ಅಂತ ನಾನು ತೋಳು ಏರಿಸಿಕೊಂಡು ಬೆನ್ನಿಗೆ ನಡೆದೆ. ಹೊಟೇಲು ತುಂಬಿತ್ತು. ಟಿವಿಯ ಪಕ್ಕದಲ್ಲಿ ನಿಂತು, ಯಾರನ್ನೂ ನೋಡದೆ, ಶಾಲೆಯಲ್ಲಿ ಎದ್ದು ನಿಲ್ಲಿಸಿದ ಹುಡುಗ ಪಾಠ ಒಪ್ಪಿಸಿದ ಹಾಗೆ ಹೇಳಿದ:

"ನಾ ಮಾಡಿದ್ದು ಆಟಗಿ ವಿಮಾನದ ಸಾಮಾನು. ಖರೇ ವಿಮಾನದ್ದಲ್ಲ. ಅವತ್ತ ಸುಳ್ಳ ಹೇಳಿದ್ದೆ. ಮಿಲಿಟರ್ಯಾಗ ಇದ್ದವರ ಮನ್ಯಾಗ ಹೇಳ್ರಿ, ಅಂಜಬ್ಯಾಡ್ರಿ ಅಂತ."

ಮೂಲೆಯಿಂದ ಕಲ್ಮೇಶನ ದನಿ ಬಂತು.

"ಆಟಗಿ ಸಾಮಾನು. ಅದೂ ಉಲ್ಟಾ."

ಹೊಟೇಲಿಗೆ ಹೊಟೇಲೇ ನಕ್ಕಿತು. ಒಲೆಯ ಮುಂದಿದ್ದವನು ಸೌಟು ಹಿಡಿದುಕೊಂಡೇ ನಕ್ಕ. ನಾನು ಕಲ್ಮೇಶನ ಕಡೆ ಎರಡು ಹೆಜ್ಜೆ ಹಾಕಿದ್ದೆ, ರಾವಸಾಬ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದ.

"ಕೂಡು. ನಗೂವಂಥಾದ್ದs ಮಾಡೇನಿ, ನಗ್ತಾರ."

"ತೋರಸ್ರಿ ಕಾಕಾ, ನಾವೂ ನೋಡೂಣು" ಎಂದು ಯಾರೋ ಕೂಗಿದರು. ಈ ಸಲದ ದನಿಯಲ್ಲಿ ಕೊಂಕಿರಲಿಲ್ಲ. ತಗಡು ರಾವಸಾಬನ ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ. "ತೋರಸೂವಂಗಿಲ್ಲ ಅದು" ಎಂದು ಚಹಾ ಹೇಳಿದ. ಚಹಾ ಬಂತು. ಕಪ್ಪು ಖಾಲಿಯಾಗುವವರೆಗೆ ಏಳಲಿಲ್ಲ.

ರಾಯರಿಗೆ ಎಲ್ಲವನ್ನೂ ಹೊಸದಾಗಿ, ಸರಿಯಾಗಿ ಮಾಡಿ ಕಳಿಸಿದ. ಅವರು ಮತ್ತೆರಡು ನಮೂನೆಯ ವಿಮಾನದ ನಕಾಶೆ ತಂದುಕೊಟ್ಟರು. ಕೆಲವು ವರ್ಷ ಆ ಕೆಲಸ ನಡೆಯಿತು. ಸೋಮನಿಂಗ ರಜೆಗೆ ಬಂದಾಗ ಲಕ್ಕವ್ವ ಅವನನ್ನು ಪ್ರೆಸ್ಸಿಗೆ ಕರೆತಂದಿದ್ದಳು. ರಾವಸಾಬ ಆ ಹುಡುಗನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಪ್ರೆಸ್ಸಿಗೆ ಹೊಸಬರು ಬಂದು ನಮ್ಮ ಕೆಲಸ ನೋಡುತ್ತ ನಿಲ್ಲುವುದಿತ್ತು. ಅವರ ನೆರಳು ಕತ್ತಲೆ ಖೋಲಿಯ ಬಾಗಿಲಿಗೆ ಬಿದ್ದರೆ ಸಾಕು, ಅವರು ಏನನ್ನೂ ಕೇಳುವ ಮೊದಲೇ ರಾವಸಾಬ ತಲೆ ಎತ್ತದೆ ಹೇಳುತ್ತಿದ್ದ:

"ಆಟಗಿ ಸಾಮಾನು ಅದಾವ್ರಿ. ಹಾರೂವಲ್ಲ."