ಜೋತಾಡುತ್ತಿದ್ದ ಹಸಿರು ತಂತಿ

ಪಟಾನ್‌ಚೆರುವಿನಲ್ಲಿ ಕಟ್ಟಡವೊಂದು ಏಳುತ್ತಿದ್ದ ಜಾಗದ ತಗಡಿನ ಶೆಡ್ಡುಗಳಲ್ಲಿ ನಾನು ಪ್ರತಿ ಭಾನುವಾರ ಪಾಠ ಮಾಡುತ್ತಿದ್ದೆ. ಯಾದಗಿರಿ ಕಡೆಯಿಂದ ಬಂದ ಕೂಲಿಕಾರರಿಗೆ, ದಿನವೂ ಮುಟ್ಟುವ ವಿದ್ಯುತ್ತಿನ ಸ್ವಭಾವ ಗೊತ್ತಿರಬೇಕೆಂಬುದು ನನ್ನ ಹಟ. ಗೊತ್ತಾಗದಂತೆ ಇಟ್ಟಿರುವುದೇ ಮೊದಲ ಅನ್ಯಾಯವೆಂದು ನಂಬಿದ್ದೆ, ಈಗಲೂ ನಂಬುತ್ತೇನೆ.

ಅವರಿಗೆ ಏನೂ ಗೊತ್ತಿರಲಿಲ್ಲವೆಂದಲ್ಲ. ಶೆಡ್ಡಿನ ಬಾಗಿಲಿಗೆ ಮೊದಲು ಹಿಂಗೈ ತಾಗಿಸಿಯೇ ಒಳಹೋಗುತ್ತಿದ್ದರು. ತಗಡಿಗೆ ಕರೆಂಟು ಬಂದಿದ್ದರೆ ಅಂಗೈ ಬಿಗಿದು ಅದನ್ನೇ ಹಿಡಿದುಕೊಳ್ಳುತ್ತದೆ, ಹಿಂಗೈಯಾದರೆ ಬಿಟ್ಟು ಬರುತ್ತದೆ. ಹೊಸ್ತಿಲಿಗೆ ಕೈಮುಗಿಯುವಷ್ಟು ಸಹಜವಾಗಿದ್ದ ಆ ಎಚ್ಚರವನ್ನು ಕಂಡು ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ.

ಒಂದು ಭಾನುವಾರ ಮೊಳೆಗೆ ತಾಮ್ರದ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿದೆ. ಗುಂಡುಪಿನ್ನುಗಳು ಬಂದು ಅಂಟಿಕೊಂಡವು.

"ನೋಡ್ರಿ ಅಕ್ಕಾರ, ಮೊಳಿ ಮೈಯಾಗ ದೇವ್ರು ಬಂದೈತಿ!" ಎಂದ, ನೀರಿನ ಪಂಪು ನೋಡಿಕೊಳ್ಳುತ್ತಿದ್ದವನು.

"ನಿನಗೂ ಒಂದೀಟ ತಂತಿ ಸುತ್ತಬೇಕು. ಮುಂಜಾನಿ ಎಬ್ಬಿಸಿದ್ರ ಏಳಂಗಿಲ್ಲ" ಎಂದಳು ಅವನ ಹೆಂಡತಿ.

ಮೋಟರು ತಿರುಗುವುದೂ ಇಂಥದೇ ಕಾಂತಬಲದಿಂದ ಎಂದು ವಿವರಿಸಲು ಎಲ್ಲರನ್ನೂ ಅವನ ಪಂಪಿನ ಬಳಿಗೆ ಕರೆದೊಯ್ದೆ. ಅದರ ಕಬ್ಬಿಣದ ಮೈಗೆ ಬಿಗಿದಿರಬೇಕಾದ ಹಸಿರು ತಂತಿ ಬಿಚ್ಚಿಕೊಂಡು ಜೋತಾಡುತ್ತಿತ್ತು.

"ಇದು ಅರ್ಥಿಂಗ್. ಒಳಗಿನ ತಂತಿಯ ಹೊದಿಕೆ ಸವೆದು ಪಂಪಿನ ಮೈಗೆ ಕರೆಂಟು ಬಂದರೆ, ಇದು ಅದನ್ನು ಭೂಮಿಗೆ ಇಳಿಸುತ್ತದೆ, ಫ್ಯೂಸು ಹಾರುತ್ತದೆ. ಇದಿಲ್ಲದಿದ್ದರೆ ಮುಟ್ಟಿದವನ ದೇಹವೇ ದಾರಿ" ಎಂದೆ. ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಸಂತೋಷಪಟ್ಟು, ಅಮೀರ್‌ಪೇಟ್‌ನ ನನ್ನ ಕೋಣೆಗೆ ಬಸ್ಸು ಹತ್ತಿದೆ.

ಬುಧವಾರ ಬೆಳಿಗ್ಗೆ ಪಂಪು ಚಾಲೂ ಇದ್ದಾಗಲೇ ಅವನು ಅದನ್ನು ಕೆಸರಿನಿಂದ ಸರಿಸಲು ಎರಡೂ ಅಂಗೈಗಳಿಂದ ಹಿಡಿದ. ಭಾರ ಎತ್ತುವುದಕ್ಕೆ ಹಿಂಗೈ ಸಾಲದು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಸುದ್ದಿ ತಿಳಿದು ನಾನು ಶೆಡ್ಡುಗಳಿಗೆ ಬಂದೆ.

'ಕುಡಿದಿದ್ದ, ತಪ್ಪು ಅವನದೇ' ಎಂದು ಬರೆದ ಕಾಗದವನ್ನು ಗುತ್ತಿಗೆದಾರನ ಮೇಸ್ತ್ರಿ ತಂದ. ಹೆಂಡತಿ ಹೆಬ್ಬೆಟ್ಟು ಒತ್ತಲಿಲ್ಲ. "ಅಂವ ಚಹಾ ಬಿಟ್ಟು ಏನೂ ಕುಡ್ಯಾಂವಲ್ಲ" ಎಂದಷ್ಟೇ ಹೇಳುತ್ತಿದ್ದಳು.

ತಪಾಸಣೆಯ ಅಧಿಕಾರಿ ಬರುವ ಹೊತ್ತಿಗೆ ಹಸಿರು ತಂತಿ ಹೊಸ ಬೋಲ್ಟಿನಲ್ಲಿ ಬಿಗಿಯಾಗಿ ಕೂತಿತ್ತು. 'ಅರ್ಥಿಂಗ್ ಸರಿಯಿದೆ' ಎಂದು ಅವರು ಬರೆದುಕೊಂಡರು. ಗುತ್ತಿಗೆದಾರನ ನಿರ್ಲಕ್ಷ್ಯ, ಮೇಸ್ತ್ರಿಯ ಸುಳ್ಳು, ಇಲಾಖೆಯ ಕುರುಡು: ನನ್ನ ಪಟ್ಟಿಯೂ ಸಿದ್ಧವಾಗಿತ್ತು.

ಅವನ ಹೆಂಡತಿ ನನ್ನ ಕಡೆ ತಿರುಗಿದಳು. "ಐತಾರ ಇದು ಜೋತಾಡಾಕತ್ತಿತ್ತಲ್ರಿ ಅಕ್ಕಾರ. ನೀವ ಬಟ್ಟ ಮಾಡಿ ತೋರಿಸಿದ್ರಿ. ಹೇಳ್ರಿ ಸಾಹೇಬ್ರಿಗೆ."

ಹೇಳಿದೆ. ಅಧಿಕಾರಿ ತಲೆಯೆತ್ತಿ ಕೇಳಿದರು: "ನೋಡಿದ ಮೇಲೆ ಯಾರಿಗೆ ತಿಳಿಸಿದಿರಿ?"

"ಯಾರಿಗೂ ಇಲ್ಲ. ಅದನ್ನೂ ಬರೆದುಕೊಳ್ಳಿ."

ಅವರು ಹಿಂದಿನ ಸಾಲನ್ನು ಹೊಡೆದು ಹಾಕಿ, ನನ್ನ ಹೇಳಿಕೆ ಬರೆದು, ಸಹಿಗೆ ಕೊಟ್ಟರು. ಮೇಸ್ತ್ರಿ ತನ್ನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ನಾನು ಸಹಿ ಹಾಕಿ ಮುಗಿಸುವವರೆಗೂ ಅವಳು ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಶೆಡ್ಡಿನ ಕಡೆ ನಡೆದು, ಬಾಗಿಲಿಗೆ ಹಿಂಗೈ ತಾಗಿಸಿ ಒಳಹೋದಳು.