ಪ್ರಶ್ನೆ ಕೇಳುವ ಅಕ್ಕೋರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕಪ್ಪು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡ ಸ್ಟಾಪ್‌ವಾಚಿನ ಗುಂಡಿಯ ಮೇಲೆ ಆ ಹೆಬ್ಬೆರಳು ಸದಾ ಕಾದಿರುತ್ತಿತ್ತು. ಮೆಟ್ಟಿಲು ಹತ್ತುವಾಗ ನಗುನಗುತ್ತಿದ್ದ ಮುಖ, ಗುಂಡಿ ಒತ್ತಿದ ಕ್ಷಣದಿಂದ ಒರೆಸಿದ ಪಾಟಿಯಂತಾಗುತ್ತಿತ್ತು. ಉತ್ತರ ಸರಿಯೋ ತಪ್ಪೋ ಎಂಬುದು ಹುಬ್ಬಿನ ಅಲುಗಾಟದಿಂದಲೂ ತಿಳಿಯಬಾರದೆಂಬುದು ಅವರ ಕೆಲಸದ ಮೊದಲ ನಿಯಮ.

ವಯಸ್ಸಾದಂತೆ ಮನುಷ್ಯರ ನೆನಪು ಹೇಗೆ ಬದಲಾಗುತ್ತದೆಂಬುದನ್ನು ಅರಿಯಲು ಪುಣೆಯ ಸಂಸ್ಥೆಯೊಂದು ಕೆಲವು ಹಿರಿಯರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಭೇಟಿ ಮಾಡಿ ಅಧ್ಯಯನ ನಡೆಸುತ್ತಿದೆ. ಪುಣೆಯ ಪಕ್ಕದ ಚಿಂಚವಾಡದ ನಮ್ಮ ಕಾಲೊನಿಯಿಂದ ಅದರಲ್ಲಿ ಸೇರಿದವಳು ನನ್ನ ಅವ್ವ. ಎರಡು ವರ್ಷಕ್ಕೊಮ್ಮೆ ಮನೆಗೆ ಬಂದು ಅವಳನ್ನು ಪರೀಕ್ಷಿಸುತ್ತಿದ್ದವರು ಇವರು. ಕಲಬುರಗಿ ಕಡೆಯವರಾದ್ದರಿಂದ ಕನ್ನಡದ ಮನೆಗಳೆಲ್ಲ ಇವರ ಪಾಲಿಗೆ ಬಂದಿದ್ದವು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಅವ್ವ ಇವರನ್ನು ‘ಅಕ್ಕೋರು’ ಎನ್ನುತ್ತಿದ್ದಳು.

ಅವರು ಹತ್ತು ಪದಗಳನ್ನು ಒಂದೇ ಲಯದಲ್ಲಿ ಓದುತ್ತಿದ್ದರು. ಬೇರೆ ಪ್ರಶ್ನೆಗಳನ್ನು ಕೇಳಿ, ಸ್ವಲ್ಪ ಹೊತ್ತಿನ ನಂತರ ಆ ಪದಗಳಲ್ಲಿ ನೆನಪಿದ್ದಷ್ಟನ್ನು ಹೇಳಿಸುತ್ತಿದ್ದರು. ಆಗ ನಾನು ಅಲ್ಲಿರುವಂತಿರಲಿಲ್ಲ.

“ಮಾಸ್ತರ, ನೀವು ಒಳಗ ನಡೀರಿ. ಅವ್ವಾರು ನಿಮ್ಮ ಮಾರಿ ನೋಡೇ ಉತ್ತರ ಓದ್ತಾರ” ಎನ್ನುತ್ತಿದ್ದರು.

“ಅವನ ಮಾರಿ ಮ್ಯಾಲ ಬರೇ ಕೆಂಪು ಶಾಯಿ ಅದ, ಅದರಾಗೇನ್ ಓದೂದ್ರಿ?” ಎಂದು ಅವ್ವ ಚುಚ್ಚುತ್ತಿದ್ದಳು. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವನು ನಾನು. ಅವಳ ಮಾತಿಗೆ ಆಧಾರವಿತ್ತು.

ಚಹಾ ಕುಡಿಯುವಾಗ ಅವರು ಪ್ರತಿ ಸಲವೂ ಹೇಳುತ್ತಿದ್ದ ಮಾತೊಂದಿತ್ತು: “ನಮ್ಮಲ್ಲಿ ಪಾಸ್ ಇಲ್ಲ, ನಪಾಸ್ ಇಲ್ರಿ.” ನಾನು ಅದನ್ನು ಕೇಳುತ್ತಿದ್ದೆ, ನಂಬುತ್ತಿರಲಿಲ್ಲ.

ಮೂರು ಭೇಟಿಗಳು ಚೆನ್ನಾಗಿಯೇ ನಡೆದವು. ನಾಲ್ಕನೆಯದಕ್ಕೆ ಮುನ್ನ ಅವ್ವ ಹಾಲನ್ನು ಒಲೆಯ ಮೇಲಿಟ್ಟು ಮರೆಯತೊಡಗಿದ್ದಳು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ನನಗೆ ಭಯವಾಯಿತು. ಭಯವಾದಾಗ ನನಗೆ ತಿಳಿದಿರುವುದು ಒಂದೇ ದಾರಿ: ಅಭ್ಯಾಸ. ಹಿಂದಿನ ಭೇಟಿಯಲ್ಲಿ ಅಡುಗೆಮನೆಯಿಂದ ಕೇಳಿ ಬರೆದಿಟ್ಟುಕೊಂಡಿದ್ದ ಹತ್ತು ಪದಗಳನ್ನು ಹದಿನೈದು ದಿನ, ಬೆಳಿಗ್ಗೆ ಸಂಜೆ, ಅವಳಿಂದ ಹೇಳಿಸಿದೆ.

“ಈ ವಯಸ್ಸಿನ್ಯಾಗ ನನಗ್ಯಾಕ ಸಾಲಿ ಹಚ್ಚೀಯೋ ತಮ್ಮಾ?” ಎನ್ನುತ್ತಲೇ ಕಲಿತಳು.

ಭೇಟಿಯ ದಿನ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಕ್ಕೋರು ಓದಿದ್ದು ಬೇರೆಯೇ ಪಟ್ಟಿ. ಹೇಳುವ ಸರದಿ ಬಂದಾಗ ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ಕಲಿಸಿದ ಹತ್ತೂ ಪದಗಳನ್ನು ಅದೇ ಕ್ರಮದಲ್ಲಿ, ಸ್ಪಷ್ಟ ಉಚ್ಚಾರದಲ್ಲಿ ಒಪ್ಪಿಸಿದಳು. ಅಂದು ಓದಿದ ಪದಗಳಲ್ಲಿ ಒಂದೂ ಇರಲಿಲ್ಲ. ಅಕ್ಕೋರು ಒಂದೊಂದನ್ನೂ ಬರೆದುಕೊಂಡರು. ಮುಖ ಅಲುಗಲಿಲ್ಲ.

“ಬರೋಬ್ಬರಿ ಅದ ಇಲ್ರಿ, ಅಕ್ಕೋರ?”

“ಮುಂದಿನದಕ್ಕ ಹೋಗೂಣ್ರಿ, ಅವ್ವಾರ.”

ಹೊರಡುವಾಗ ಮೆಟ್ಟಿಲ ಬಳಿ ನಿಂತು ಕೇಳಿದರು: “ಪಾಠಾ ಮಾಡೀರಿ, ಅಲ್ಲೇನ್ರಿ?”

ಒಪ್ಪಿಕೊಂಡೆ. ಆಗ ನನ್ನ ಕೆಲಸದ ಫಲವನ್ನು ಅವರು ಸಾವಕಾಶವಾಗಿ ತಿಳಿಸಿದರು. ಒಬ್ಬರ ನೆನಪು ಒಂದೇ ಸಲಕ್ಕೆ ಬಹಳ ಕುಸಿದರೆ, ತಜ್ಞರಿಗೆ ತೋರಿಸಿರಿ ಎಂದು ಕಚೇರಿಯಿಂದ ಮನೆಗೆ ಪತ್ರ ಬರುತ್ತದೆ. ಹೇಳಿಕೊಟ್ಟು ಮಾಡಿಸಿದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಪತ್ರವೂ ಬರುವುದಿಲ್ಲ. ಮುಂದಿನ ಭೇಟಿ ಎರಡು ವರ್ಷಕ್ಕೆ.

“ಹಂಗಾದ್ರ ನೀವೇ ಹೇಳ್ರಿ. ಅವ್ವಗ ಏನಾಗೇದ?”

“ನಾ ಕೇಳಾಕಿ, ಬರಕೊಳ್ಳಾಕಿ. ಹೇಳೂ ಹಕ್ಕ ನನಗಿಲ್ರಿ, ಮಾಸ್ತರ.”

ಎರಡು ಮೆಟ್ಟಿಲು ಇಳಿದವರು ನಿಂತರು. ನನ್ನತ್ತ ತಿರುಗದೆ ಹೇಳಿದರು: “ನಮ್ಮವ್ವ ಆಗಿದ್ರ, ಈ ವಾರನ ಡಾಕ್ಟರ ಕಡೆ ಕರಕೊಂಡ ಹೋಗ್ತಿದ್ದೆ.”

ಆ ವಾರವೇ ಕರೆದೊಯ್ದೆ. ನನ್ನ ಅನುಮಾನಕ್ಕೆ ವೈದ್ಯರು ಹೆಸರು ಕೊಟ್ಟರು. ಗುಣವಾಗುವುದಿಲ್ಲ, ಔಷಧಿಯಿಂದ ಸ್ವಲ್ಪ ಕಾಲ ತಡೆಯಲು ಯತ್ನಿಸಬಹುದು ಎಂದರು. ಅನಂತರದ ಒಂದು ವರ್ಷ ಅವ್ವ ತನ್ನ ಕೈಯಿಂದ ಉಂಡಳು, ನನ್ನನ್ನು ಮಗನೆಂದೇ ಗುರುತಿಸಿದಳು. ಆ ವರ್ಷ ಔಷಧಿಯಿಂದ ದೊರೆತದ್ದೋ, ಹೇಗಿದ್ದರೂ ದೊರೆಯುತ್ತಿದ್ದದ್ದೋ ನನಗೆ ತಿಳಿಯದು. ಅವರ ಮಾತಿನಿಂದ ದೊರೆತದ್ದೆಂದೇ ನಾನು ಭಾವಿಸಿದ್ದೇನೆ.

ಮುಂದಿನ ಭೇಟಿಗೆ ಬಂದವರು ಬೇರೆ ಹೆಂಗಸು. ಅವರಿಂದ ವಿಷಯ ತಿಳಿಯಿತು: ಅಂದಿನ ಹಾಳೆಯ ಕೊನೆಯಲ್ಲಿ, ಮಗ ಹೇಳಿಕೊಟ್ಟಿದ್ದಾನೆ ಎಂಬುದರ ಕೆಳಗೆ, ತಾವು ಮಗನಿಗೆ ಹೇಳಿದ ಮಾತನ್ನೂ ಅಕ್ಕೋರು ಯಥಾವತ್ತಾಗಿ ಬರೆದಿದ್ದರಂತೆ. ಕಚೇರಿಯವರು ನಮ್ಮ ಕಾಲೊನಿಯನ್ನು ಅವರಿಂದ ತೆಗೆದು, ಅವರನ್ನು ದೂರದ ಭೋರ್ ತಾಲ್ಲೂಕಿನ ಕಡೆಗೆ ಹಾಕಿದ್ದರು. ತಪ್ಪು ನನ್ನದೆಂದು ಕಚೇರಿಗೆ ಎರಡು ಪುಟಗಳ ಪತ್ರ ಬರೆದೆ. ನಿಯಮವು ಸಿಬ್ಬಂದಿಗೆ ಅನ್ವಯಿಸುತ್ತದೆ ಎಂಬ ಒಂದು ಸಾಲಿನ ಉತ್ತರ ಬಂತು.

ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ನಿಮ್ಮ ಸಲುವಾಗಿ ಹೇಳಲಿಲ್ರಿ ನಾ” ಎಂದರು. “ಅದಕ್ಕಿಂತ ಮೊದಲ ಎಷ್ಟೋ ಮನಿಯಾಗ ಗೊತ್ತಿದ್ದೂ ಸುಮ್ಮ ಎದ್ದು ಬಂದೀನಿ. ಒಂದ್ ಮನಿಯಾಗರ ಹೇಳಬೇಕನ್ನಿಸ್ತು.”

“ಈಗ ಹೋಗೂ ಮನಿಯಾಗ ಹೇಳ್ತೀರೇನ್ರಿ?”



“ಇಲ್ರಿ. ಹೇಳಿದ್ರ ಆ ಮನಿಗೂ ನನ್ನ ಕಳಸೂದಿಲ್ಲ. ಒಬ್ಬಾಕಿ ಅಜ್ಜಿ ಇದ್ದಾಳ, ನನ್ನ ಹಾದಿ ಕಾಯ್ತಾಳ.”

ಆಗಲೇ ಒಳಗಿನಿಂದ ಅವ್ವ ಕೂಗತೊಡಗಿದಳು. ಎಂದೋ ತೀರಿಹೋದ ತನ್ನ ಅಣ್ಣನ ಹೆಸರು ಹಿಡಿದು. ಅಕ್ಕೋರಿಗೆ ಅದು ಫೋನಿನಲ್ಲಿ ಕೇಳಿಸಿತು.

“ಹೋಗ್ರಿ ಮಾಸ್ತರ,” ಎಂದರು, “ನಿಮ್ಮನ್ನ ಕರಿಯಾಕತ್ತಾರ.”