ಮಾಮನ ಸ್ವರ ಮತ್ತು ಎರಡು ಜೊತೆ ಇಯರ್‌ಫೋನು

ವಾಶಿಯ ಅಂಗಡಿಯವನು ಇಯರ್‌ಫೋನಿನ ಎರಡು ಪೆಟ್ಟಿಗೆಗಳನ್ನೂ ನನ್ನ ಕೈಗಿಟ್ಟು, "ಘರ್ ಲೇ ಜಾವೋ, ಆರಾಮ್ ಸೇ ಸುನೋ. ಜೋ ಪಸಂದ್ ನಹೀಂ ಆಯಾ, ವಾಪಸ್ ಕರ್ ದೋ" ಎಂದಿದ್ದ. ಮನೆಯಲ್ಲಿ ನಿಧಾನವಾಗಿ ಕೇಳಿ, ಹಿಡಿಸದ್ದನ್ನು ಹಿಂದಿರುಗಿಸಿದರಾಯಿತು. ಆಫೀಸು ಬಿಟ್ಟು ಸ್ಟೇಷನ್ನಿಗೆ ನಡೆಯುವಾಗ ಅವನ ಗಾಜಿನ ಕಪಾಟಿನ ಮುಂದೆ ನಿಲ್ಲುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಂದು ಸಂಜೆ ನಿಲ್ಲದಿದ್ದರೆ ಮರುದಿನ ಅವನೇ "ತಬೀಯತ್ ಠೀಕ್ ಹೈ ನಾ?" ಎಂದು ಆರೋಗ್ಯ ವಿಚಾರಿಸುತ್ತಿದ್ದ. ಫೋನುಗಳಲ್ಲಿ ಇಯರ್‌ಫೋನು ಚುಚ್ಚುವ ತೂತು ಇನ್ನೂ ಉಳಿದಿದ್ದ ಕಾಲ ಅದು. ಸ್ಟೇಷನ್ನಿನ ಮೆಟ್ಟಿಲ ಮೇಲೆ ಹರಡಿಕೊಂಡು ಮಾರುವ ಅಗ್ಗದ ಮಾಲಲ್ಲ ಇವು. ಹಾಡುಗಾರರು, ಧ್ವನಿಮುದ್ರಣದ ಕೆಲಸದವರು ಬಳಸುವ ದುಬಾರಿ ಜಾತಿ. ಇನ್-ಇಯರ್ ಮಾನಿಟರ್ ಎಂದು ಹೆಸರು.

ಕುಂದಾಪುರದ ಕಡೆಯವಳಾದ ನನ್ನ ಹೆಂಡತಿ ಎರಡೂ ಪೆಟ್ಟಿಗೆ ನೋಡಿ, "ಇರುದು ಎರಡು ಕಿವಿ. ನಾಲ್ಕು ತಂದ್ರಿಯಲ್ಲ, ಉಳಿದದ್ದು ಎಂತಕ್ಕೆ?" ಎಂದಳು.

"ಹೋಲಿಸಿ ನೋಡ್ಲಿಕ್ಕೆ."

"ನಾನು ಹೇಳಿದ್ದು ಒಂದು ಕಿವಿಗಾದ್ರೂ ಹೋಗ್ತದಾ ಅಂತ ಮೊದಲು ನೋಡಿ."

ಭಾನುವಾರವಿಡೀ ಠಾಕುರ್ಲಿಯ ಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರುತ್ತ ಕೂತು ಎರಡನ್ನೂ ಬದಲಿಸಿ ಬದಲಿಸಿ ಕೇಳಿದೆ. ಒಂದು ಕರಿಯದು, ಹುಣಸೆಬೀಜದಷ್ಟು. ತುದಿಗೆ ಸ್ಪಂಜಿನ ಪುಟ್ಟ ಟೋಪಿ. ಅದನ್ನು ಬೆರಳಲ್ಲಿ ಹಿಂಡಿ ಕಿವಿಯ ಆಳಕ್ಕೆ ತೂರಿಸಿದರೆ ಒಳಗೆ ಮೆಲ್ಲಗೆ ಹಿಗ್ಗಿ ಹೊರಗಿನ ಸದ್ದಿಗೆಲ್ಲ ಬಾಗಿಲು ಹಾಕುತ್ತಿತ್ತು. ಇನ್ನೊಂದು ಉಕ್ಕಿನದು, ಹೊಳೆಯುವಂಥದ್ದು, ಕಿವಿಯ ಬಟ್ಟಲಲ್ಲಿ ಸುಮ್ಮನೆ ಕೂರುತ್ತಿತ್ತು. ಹಿತದ ಮಾತಿಗೆ ಬಂದರೆ ಉಕ್ಕಿನದೇ ಸೈ. ಅದನ್ನು ಹಾಕಿಕೊಂಡೇ ಅವಲಕ್ಕಿ ತಿಂದೆ, ಹಾಕಿಕೊಂಡದ್ದೇ ಮರೆತುಹೋಗಿತ್ತು. ಕರಿಯದನ್ನು ಹಾಕಿಕೊಂಡು ಜಗಿದರೆ ತಲೆಯೊಳಗೆ ಯಾರೋ ಮೆಣಸು ಕುಟ್ಟಿದ ಹಾಗೆ. ತುಸು ಹೊತ್ತಿಗೆ ನವೆ ಬೇರೆ.

ಆದರೆ ಸ್ವರ! ಕರಿಯದರಲ್ಲಿ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿ. ಹಾಡುವವರು ಪಲ್ಲವಿಗೆ ಮೊದಲು ಉಸಿರೆಳೆದುಕೊಂಡದ್ದು, ತುಟಿ ಒದ್ದೆ ಮಾಡಿಕೊಂಡದ್ದು, ಹಿಂದೆ ಯಾರೋ ಕುರ್ಚಿ ಸರಿಸಿದ್ದು ಕೂಡ ಕೇಳುತ್ತಿತ್ತು. ಉಕ್ಕಿನದರಲ್ಲಿ ಇಷ್ಟೆಲ್ಲ ಇಲ್ಲ. ಅದರೊಳಗೆ ಎಲ್ಲರೂ ಸುಖವಾಗಿ ಹಾಡುತ್ತಿದ್ದರು. ಮೃದಂಗ ಎದೆಗೇ ಬಂದು ಬಡಿಯುತ್ತಿತ್ತು, ಒರಟು ಗಂಟಲಿಗೂ ಯಾರೋ ತುಪ್ಪ ಸವರಿದ ಹಾಗಿತ್ತು.

ನಾನು ಕೊಳ್ಳಹೊರಟದ್ದು ಮನೆಗಲ್ಲ, ರೈಲಿಗೆ. ಅಲ್ಲಿಯೇ ನನ್ನ ತಪ್ಪು ಶುರುವಾಗುವುದು.

ಕಲ್ಯಾಣದಿಂದ ಹೊರಟು ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಬೆಳಗಿನ ಸ್ಲೋ ಗಾಡಿಯ ಒಂದು ಡಬ್ಬಾದಲ್ಲಿ ನಮ್ಮ ಭಜನಾ ಮಂಡಳಿಯಿತ್ತು. ಮಂಡಳಿ ಎಂದರೆ ದೊಡ್ಡದೇನಲ್ಲ. ಬೆರಳೆಣಿಕೆಯ ಜನ, ಎರಡು ಜೊತೆ ತಾಳ. ಹಾಡನ್ನು ಎತ್ತುತ್ತಿದ್ದವರು ಮಾಮ. ಉಡುಪಿಯ ಕಡೆಯವರು, ಕಲ್ಯಾಣದಲ್ಲಿ ಮನೆ, ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕೂತು ದುಡ್ಡು ತೆಗೆದುಕೊಳ್ಳುವ ಕೆಲಸ. ನನಗೆ ಸಂಬಂಧಿಕರಲ್ಲ, ಇಡೀ ಡಬ್ಬಾಕ್ಕೆ ಅವರು ಮಾಮ. ದಿನವಿಡೀ ಬಿಲ್ಲು, ಚಿಲ್ಲರೆ, "ಎರಡು ಇಡ್ಲಿ ಪಾರ್ಸೆಲ್" ಎಂದು ಕೂಗುವ ಆ ಬಾಯಿಗೆ ಹಾಡಲು ಸಿಗುತ್ತಿದ್ದದ್ದು ಕಲ್ಯಾಣದಿಂದ ಠಾಣೆಯವರೆಗೆ ಮಾತ್ರ. ರಜೆಯ ದಿನ ಅವರಿಗೆ ಅನ್ನ ರುಚಿಸುತ್ತಿರಲಿಲ್ಲವಂತೆ.

ನನ್ನ ಕನ್ನಡವೂ ಆ ಡಬ್ಬಾದಲ್ಲಿ ಕಲಿತದ್ದೇ. ನಾನು ಹುಟ್ಟಿದ್ದು ಡೊಂಬಿವಲಿಯಲ್ಲಿ, ಓದಿದ್ದು ಮರಾಠಿಯಲ್ಲಿ, ಮನೆಯಲ್ಲಿ ತುಳು. ಮೊದಮೊದಲು ಮಾಮ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಬೈಯಲಿಲ್ಲ. ದಾಸರ ಪದದ ಒಂದೊಂದು ಸಾಲಿಗೂ ಅರ್ಥ ಹೇಳಿ, ಕೈಗೆ ತಾಳ ಕೊಟ್ಟು, "ಹಿಂದಿನಿಂದ ಹೇಳು, ನಾಲಗೆ ತಾನೇ ತಿರುಗ್ತದೆ" ಎಂದರು. ವರ್ಷಗಳು ಕಳೆದಂತೆ ನಾಲಗೆ ತಿರುಗಿತು. ಇವತ್ತು ಇದನ್ನು ಬರೆಯುತ್ತಿರುವ ಭಾಷೆ ಅದೇ.

ಅಂಥವರ ಎದುರಿಗೆ ಕೂತು, ಸೋಮವಾರ ಬೆಳಿಗ್ಗೆ, ಆ ಕರಿಯದನ್ನು ಕಿವಿಗೆ ತೂರಿಸಿಕೊಂಡೆ. ಗದ್ದಲ ಎಷ್ಟು ತಡೆಯುತ್ತದೆ ನೋಡಬೇಕಿತ್ತಲ್ಲ. ಆ ಡಬ್ಬಾದಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದು ನಮ್ಮದೇ. ತಂತಿಯನ್ನು ಕಾಲರಿನೊಳಗೆ ಅಡಗಿಸಿದೆ. ಫೋನಿನಲ್ಲಿ ಹಾಡು ಹಚ್ಚಿದೆ, ಸ್ಪಂಜು ಹಿಗ್ಗಿತು. ಮಾಮನ ಬಾಯಿ ಅಲುಗುತ್ತಿತ್ತು, ಸ್ವರ ಇರಲಿಲ್ಲ. ನನಗೆ ಆಗ ಆದದ್ದು ಸಂತೋಷ ಎಂದು ಹೇಳಲು ಈಗಲೂ ನಾಚಿಕೆ. ಮನಸ್ಸಿನಲ್ಲೇ ಕರಿಯದಕ್ಕೆ ಅಂಕ ಕೊಟ್ಟೆ. ಮರುದಿನ ಉಕ್ಕಿನದು. ಅದರಲ್ಲಿ ಮಾಮ ಸ್ವಲ್ಪ ಸೋರಿ ಒಳಗೆ ಬರುತ್ತಿದ್ದರು. ಅಷ್ಟು ಅಂಕ ಕಳೆದೆ. ಎರಡೂ ದಿನ ಸುಮ್ಮನೆ ತುಟಿ ಆಡಿಸುತ್ತ, ಮಾಮನ ಬೆರಳು ನೋಡಿಕೊಂಡು ತಾಳ ಹಾಕುತ್ತಿದ್ದೆ.

ಬುಧವಾರ ಮತ್ತೆ ಕರಿಯದು. ಕಿವಿಯೊಳಗಿನ ಮೃದಂಗ ಬೇರೆ, ಕೈಯಲ್ಲಿನ ತಾಳ ಬೇರೆ. ಎಲ್ಲೋ ತಪ್ಪಿತು. ಪಕ್ಕದಲ್ಲಿದ್ದ ಕಲಬುರ್ಗಿಯವನು ಮೊಣಕೈಯಿಂದ ತಿವಿದ. ಠಾಣೆಗೆ ಒಂದು ಸ್ಟೇಷನ್ ಹಿಂದಿನ ಕಳವಾ ಎಂಬಲ್ಲಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಆಳು, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು. ಒಂದು ಕಿವಿಯದನ್ನು ಎಳೆದು ತೆಗೆದೆ.

"ಏನ್ರೀ ಸಾಹೇಬ್ರ, ತಾಳ ಮನ್ಯಾಗ ಮರ್ತು ಬಂದೀರೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಎದುರು ಸೀಟಿನ ಗೃಹಸ್ಥರೊಬ್ಬರು ಎದ್ದು ನಿಂತರು. ದಿವಾದಿಂದ ಈಚೆಗೆ ಅವರು ಪೇಪರು ಮಡಚುವುದು, ಬಿಡಿಸುವುದು ಮಾಡುತ್ತಲೇ ಇದ್ದರು. "ರೋಜ್ ಕಾ ತಮಾಶಾ ಹೈ! ಆದ್ಮೀ ಶಾಂತಿ ಸೇ ಬೈಠ್ ಭೀ ನಹೀಂ ಸಕ್ತಾ!" ಎಂದು ದಿನದಿನದ ಈ ಗದ್ದಲಕ್ಕೆ ರೇಗಿದವರು ನನ್ನ ಕಾಲರಿನಿಂದ ಜೋಲುತ್ತಿದ್ದ ತಂತಿಗೆ ಬೆರಳು ತೋರಿಸಿದರು. "ದೇಖೋ, ದೇಖೋ! ಆಪ್ ಕಾ ಆದ್ಮೀ ಭೀ ಕಾನ್ ಬಂದ್ ಕರ್ಕೇ ಬೈಠಾ ಹೈ!"

ನಿಮ್ಮವನೇ ಕಿವಿ ಮುಚ್ಚಿಕೊಂಡು ಕೂತಿದ್ದಾನೆ ಎಂದು ಎಲ್ಲರಿಗೂ ತೋರಿಸಿಕೊಟ್ಟರು. ಡಬ್ಬಾದಲ್ಲಿ ನಗು ಎದ್ದಿತು. ಮಾಮ ಹಾಡು ನಿಲ್ಲಿಸಿ ನನ್ನನ್ನು ನೋಡಿದರು. ನೋಡಿದ್ದು ಒಂದು ಗಳಿಗೆ. ಆಮೇಲೆ ಆ ಗೃಹಸ್ಥರ ಕಡೆ ತಿರುಗಿ, ಗಲ್ಲೆಯಲ್ಲಿ ಗಿರಾಕಿಯೊಡನೆ ಮಾತಾಡುವ ತಣ್ಣನೆಯ ಸ್ವರದಲ್ಲಿ, "ವೋ ಮೇರಾ ಹೀ ಗಾನಾ ಸುನ್ ರಹಾ ಹೈ ಸಾಬ್. ರೆಕಾರ್ಡ್ ಕರ್ಕೇ ದಿಯಾ ಹೈ, ಸೀಖನೇ ಕೇ ಲಿಯೇ" ಎಂದರು. ನಾನು ಕೇಳುತ್ತಿರುವುದು ಅವರದೇ ಹಾಡಂತೆ, ಕಲಿಯಲಿಕ್ಕೆ ಅವರೇ ಕೊಟ್ಟದ್ದಂತೆ. ಗೃಹಸ್ಥರು ಗೊಣಗುತ್ತ ಕೂತರು. ಮಾಮ ಹಾಡು ನಿಂತಲ್ಲಿಂದಲೇ ಮುಂದುವರಿಸಿದರು.

ನಾನು ವಾಶಿಯ ಗಾಡಿಗೆ ಬದಲಿಸುವುದೂ ಠಾಣೆಯಲ್ಲೇ; ಇಳಿದ ಮೇಲೆ ತಲೆ ತಗ್ಗಿಸಿಕೊಂಡು ಅವರ ಹಿಂದೆಯೇ ನಡೆದೆ.

"ಮಾಮಾ, ಅದು..."

"ಎಂತ ಅದು, ತೋರಿಸು."

ಅಂಗೈಯಲ್ಲಿಟ್ಟೆ. ಹಾಡುವವರು ವೇದಿಕೆಯ ಗದ್ದಲದಲ್ಲಿ ತಮ್ಮ ಸ್ವರ ತಾವು ಕೇಳಿಸಿಕೊಳ್ಳಲಿಕ್ಕೆ ಹಾಕಿಕೊಳ್ಳುವುದು ಎಂದೆ.

"ಹೌದಾ? ನಾನು ಇಷ್ಟು ಕಾಲ ಹಾಡಿದೆ ಮಾರಾಯ, ನನ್ನ ಸ್ವರ ಹೇಗುಂಟು ಅಂತ ಗಾಲಿ ಸದ್ದಿನಲ್ಲಿ ನನಗೇ ಗೊತ್ತಾಗಲಿಲ್ಲ." ನಕ್ಕರು. "ಈಗ ಒಂದು ಕೆಲಸ ಮಾಡು. ನನ್ನ ಹಾಡು ಅದರಲ್ಲಿ ಹಾಕು. ಸುಮ್ಮನೆ ನಿನ್ನಿಂದಾಗಿ ಸುಳ್ಳು ಹೇಳಿದ ಹಾಗೆ ಆಗ್ಬಾರ್ದು."

ಅವರು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೈಯದೇ ಹೋದದ್ದರಿಂದ ನಾನು ಎಲ್ಲಿಲ್ಲದ ಉತ್ಸಾಹದಿಂದ ಸರಿಪಡಿಸಲು ಹೊರಟೆ. ಅಂಗಡಿಯವನಿಂದ ಇನ್ನಷ್ಟು ದಿನ ಕೇಳಿ ಪಡೆದು, ಮುಂದಿನ ಭಾನುವಾರ ಕಲ್ಯಾಣದಲ್ಲಿ ಅವರ ಮನೆಗೆ ಹೋದೆ. ಮಾಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಚಾಪೆಯ ಮೇಲೆ ಕೂತಿದ್ದರು. ಮುಂದೆ ಫೋನು ಇಟ್ಟೆ. ಹಾಡಿದರು.

ಮರಳಿ ಬರುವ ಗಾಡಿಯಲ್ಲಿ ಕರಿಯದನ್ನು ಹಾಕಿಕೊಂಡು ಕೇಳಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ಸೀಳಿತ್ತು. ಪದದ ನಡುವೆಯೇ ಉಸಿರು ಮುಗಿದು, ಉಳಿದರ್ಧ ಆಮೇಲೆ ಬರುತ್ತಿತ್ತು. ಶ್ರುತಿ ಸಾಲುಸಾಲಿಗೂ ತುಸು ಕೆಳಗಿಳಿಯುತ್ತ, ಕೊನೆಗೆ ಎಲ್ಲೋ ಹೋಗಿ ನಿಂತಿತ್ತು. ರೈಲಿನ ಸದ್ದು, ನಮ್ಮೆಲ್ಲರ ಕೋರಸ್ಸು, ಆ ತಾಳಗಳು ಇದನ್ನೆಲ್ಲ ಎಷ್ಟು ಕಾಲದಿಂದ ಮುಚ್ಚಿಟ್ಟಿದ್ದವೋ. ಮನೆಗೆ ಬಂದು ಉಕ್ಕಿನದರಲ್ಲಿ ಕೇಳಿದೆ. ಅದರಲ್ಲಿ ಮಾಮ ಚೆನ್ನಾಗಿದ್ದರು. ವಯಸ್ಸಾದವರ ತುಂಬು ಸ್ವರ, ಅಷ್ಟೇ.

ಮಾಮನಿಗೆ ಕೇಳಲು ಉಕ್ಕಿನದನ್ನೇ ಕೊಡುವುದೆಂದು ನಿಶ್ಚಯಿಸಿ, ಎರಡನ್ನೂ ಚೀಲದಲ್ಲಿಟ್ಟುಕೊಂಡು, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನದ ಊಟದ ಗದ್ದಲ ಇಳಿದ ಹೊತ್ತಿಗೆ ಹೋಟೆಲಿಗೆ ಹೋದೆ. ಎರಡೂ ಪೆಟ್ಟಿಗೆ ಹೊರಬಂದದ್ದು ನೋಡಿ ಮಾಮ, "ಎರಡು ಉಂಟಾ? ನಿನಗೆ ಯಾವುದು ಒಳ್ಳೆಯದು ಅನಿಸಿತು?" ಎಂದರು.

"ಕರಿಯದು" ಎಂದೆ.

"ಹಾಗಾದ್ರೆ ಅದೇ ಕೊಡು."

ಕೊಟ್ಟೆ. ಯಾಕೆ ಕೊಟ್ಟೆ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಡಬ್ಬಾದಲ್ಲಿ ಮೋಸ ಮಾಡಿದ ಮೇಲೆ ಇನ್ನೊಂದು ಮೋಸ ಬೇಡವೆನಿಸಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. ನಿಜ ಅದಲ್ಲ. ನಾನು ಆರಿಸಿದ್ದನ್ನು ಯಾರಾದರೊಬ್ಬರು ಹೌದು, ಇದೇ ಒಳ್ಳೆಯದು ಎನ್ನಬೇಕಿತ್ತು. ಅಷ್ಟು ಸಣ್ಣ ಆಸೆ.

ಅವರ ಕಿವಿಗೆ ನಾನೇ ತೂರಿಸಿದೆ. ಮಾಮ ಕಣ್ಣು ಮುಚ್ಚಿದರು. ಗಲ್ಲೆಯ ಮೇಲೆ ಬೆರಳು ತಾಳ ಹಾಕತೊಡಗಿತು. ಮೇಲಿನ ಸ್ವರ ಎಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಸರಿಯಾಗಿ ಅಲ್ಲಿಗೆ ಬೆರಳು ನಿಂತಿತು. ಆದರೂ ಕೊನೆಯವರೆಗೆ ಕೇಳಿದರು. ತೆಗೆದು, ತಮ್ಮ ಕರವಸ್ತ್ರದಲ್ಲಿ ಒರೆಸಿ, ನನ್ನ ಕೈಗಿಟ್ಟರು.

"ಒಳ್ಳೆ ವಸ್ತು ಮಾರಾಯ" ಎಂದರು. "ಚಾ ಕುಡಿದು ಹೋಗು."

"ಮಾಮಾ, ಇದರಲ್ಲೂ ಒಮ್ಮೆ ಕೇಳಿ" ಎಂದು ಉಕ್ಕಿನದನ್ನು ಚಾಚಿದೆ.

"ಇನ್ನು ಎಂತಕ್ಕೆ? ಕೇಳಿ ಆಯ್ತಲ್ಲ."

ಮರುದಿನ ಗಾಡಿಯಲ್ಲಿ, "ಗಂಟಲು ಕಟ್ಟಿದೆ, ಇವತ್ತು ನೀನು ಎತ್ತು" ಎಂದು ಕಲಬುರ್ಗಿಯವನಿಗೆ ಹೇಳಿ ನನ್ನ ಕೈಯಿಂದ ತಾಳ ತೆಗೆದುಕೊಂಡರು. ಅದರ ಮರುದಿನವೂ ಗಂಟಲು ಕಟ್ಟಿತ್ತು. ವಾರ ಕಳೆದ ಮೇಲೆ ಗಂಟಲಿನ ಮಾತೂ ನಿಂತು, ಅವರು ತಾಳದವರೇ ಆಗಿಬಿಟ್ಟರು. ಕಲಬುರ್ಗಿಯವನು ಒಂದು ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು, "ಮಾಮಾಗ ಏನಾಗ್ಯಾದ್ರೀ? ಯಾರರ ಏನರ ಅಂದಾರೇನು? ಹೆಸರ ಹೇಳ್ರಿ, ನಾ ನೋಡ್ಕೊಂತೀನಿ" ಎಂದ. ಗೊತ್ತಿಲ್ಲ ಎಂದೆ.

ವಾಶಿಗೆ ಹೋಗಿ ಕರಿಯದನ್ನು ಹಿಂದಿರುಗಿಸಿದೆ. ಅಂಗಡಿಯವನು ಹುಬ್ಬೇರಿಸಿ, ಇದೇ ಹೆಚ್ಚು ಸ್ಪಷ್ಟವೆಂದು ನೀವೇ ಹೇಳಿದ್ದಿರಲ್ಲ ಎಂದು ಕೇಳಿದ. ಕಿವಿ ನೋಯುತ್ತದೆ ಎಂದೆ. ಉಕ್ಕಿನದನ್ನು ಕೊಂಡೆ, ರೈಲಿನಲ್ಲಿ ಮಾತ್ರ ಮತ್ತೆ ಎಂದೂ ಹಾಕಿಕೊಳ್ಳಲಿಲ್ಲ. ಇದನ್ನೇನೂ ಪ್ರಾಯಶ್ಚಿತ್ತ ಎನ್ನಲಾರೆ. ಮಾಮನಿಗೆ ಅದರಿಂದ ಏನೂ ಮರಳಿ ಸಿಗಲಿಲ್ಲ.

ಆ ಮಳೆಗಾಲದಲ್ಲಿ ಕಲಬುರ್ಗಿಯವನು ಊರಿಗೆ ಹೋಗಿದ್ದ. ಠಾಕುರ್ಲಿಯಲ್ಲಿ ನಾನು ಹತ್ತಿದಾಗ ಹಾಡು ಇನ್ನೂ ಶುರುವಾಗಿರಲಿಲ್ಲ. ಎಲ್ಲರೂ ಮಾಮನ ಮುಖ ನೋಡುತ್ತಿದ್ದರು. ಮಾಮ ನನ್ನ ಮುಖ ನೋಡಿದರು.

"ಎತ್ತು."

"ನಾನಾ? ನನ್ನ ಸ್ವರ ನೀವೇ ಕೇಳಿದ್ದೀರಲ್ಲ ಮಾಮಾ. ನೀವೇ ಎತ್ತಿ. ಇವತ್ತೊಂದು ದಿನ."

ಅವರು ಆಗದೆಂದು ತಲೆಯಾಡಿಸಿದರು. ತಾಳ ಕೈಯಲ್ಲಿ ಸರಿಮಾಡಿಕೊಂಡು, ನನಗೊಬ್ಬನಿಗೇ ಕೇಳುವ ಹಾಗೆ ಬಗ್ಗಿ ಹೇಳಿದರು: "ಎತ್ತು. ಆದ್ರೆ ಒಂದು ಮಾತು. ರೆಕಾರ್ಡು ಗಿಕಾರ್ಡು ಮಾಡಿ ನಿನ್ನದನ್ನು ನೀನು ಕೇಳ್ಲಿಕ್ಕೆ ಹೋಗ್ಬೇಡ. ನಿನಗೆ ಇನ್ನೂ ಹಾಡ್ಲಿಕ್ಕುಂಟು."

ಗಾಡಿ ಡೊಂಬಿವಲಿ ಬಿಡುವಾಗ ನಾನು ಮೊದಲ ಸಾಲು ಎತ್ತಿದೆ. ಹಿಂದಿನಿಂದ ಅದೇ ಸಾಲನ್ನು ಹೇಳುವ ಕೋರಸ್ಸಿನಲ್ಲಿ ಮಾಮನ ಸ್ವರ ಎಲ್ಲಿದೆಯೆಂದು ಹುಡುಕುತ್ತ ಠಾಣೆಯವರೆಗೂ ಹಾಡಿದೆ. ಸಿಗಲಿಲ್ಲ. ಅವರು ತುಟಿ ಮಾತ್ರ ಆಡಿಸುತ್ತಿದ್ದರು.